ಒಂದೇ ಹಲಗೆ, ನಾಲ್ಕು ಊರು: ನ್ಯೂರೆಂಬರ್ಗ್ ಕ್ರಾನಿಕಲ್ ಬಗೆಯ ಮರದಚ್ಚು ಕೆತ್ತಿ ಅಚ್ಚು ಹಾಕಿದ ಅನುಭವ

ದಮಾಸ್ಕಸ್, ಫೆರಾರಾ, ಮಿಲಾನ್, ಮಾಂಟುವಾ. 1493ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಚ್ಚಾದ 'ನ್ಯೂರೆಂಬರ್ಗ್ ಕ್ರಾನಿಕಲ್' ಎಂಬ ಲೋಕಚರಿತ್ರೆಯ ಪುಸ್ತಕದಲ್ಲಿ ಈ ನಾಲ್ಕೂ ಊರುಗಳಿಗೆ ಇರುವುದು ಒಂದೇ ಚಿತ್ರ. ಹೆಸರು ಮಾತ್ರ ಬೇರೆ ಬೇರೆ. ರಾಜರು, ಪೋಪ್‌ಗಳ ಮುಖಗಳದ್ದೂ ಇದೇ ಕಥೆ. ನೂರು ವರ್ಷ ಅಂತರದ ಇಬ್ಬರಿಗೆ ಒಂದೇ ಗಡ್ಡ, ಒಂದೇ ಕಿರೀಟ. ಇದನ್ನು ಕಂಡು ಓದುಗರಿಗೆ ಟೋಪಿ ಹಾಕಿದ್ದಾರೆ ಎಂದು ನಗುವವರು ಬಹಳ. ಅಂಥ ಚಿತ್ರಕ್ಕೆ ಬೇಕಾದ ಒಂದು ಮರದ ಹಲಗೆಯನ್ನು ಕೈಯಾರೆ ಕೆತ್ತಿ, ನಾಲ್ಕು ಹೆಸರಿನ ಕೆಳಗೆ ಅಚ್ಚು ಹಾಕಿದ ಮೇಲೆ ನನಗೆ ನಗು ಬರುವುದಿಲ್ಲ. ಹೇಗೆ ಮಾಡಿದೆ, ಎಲ್ಲೆಲ್ಲಿ ಕೆಟ್ಟಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪುಸ್ತಕದ ಲೆಕ್ಕ. ಬರೆದದ್ದು ಹಾರ್ಟ್‌ಮನ್ ಶೇಡೆಲ್ ಎಂಬ ವೈದ್ಯ. ಅಚ್ಚು ಆಂಟನ್ ಕೋಬರ್ಗರ್‌ನದು. ಚಿತ್ರಗಳು ಮಿಖಾಯೆಲ್ ವೋಲ್ಗೆಮುಟ್ ಮತ್ತು ಅವನ ಮಲಮಗ ವಿಲ್ಹೆಲ್ಮ್ ಪ್ಲೈಡನ್‌ವುರ್ಫ್ ನಡೆಸುತ್ತಿದ್ದ ಕಾರ್ಯಾಗಾರದವು. ಮುಂದೆ ಹೆಸರಾಂತ ಚಿತ್ರಕಾರನಾದ ಆಲ್ಬ್ರೆಖ್ಟ್ ಡ್ಯೂರರ್ ಹುಡುಗನಾಗಿದ್ದಾಗ 1486ರಿಂದ ಮೂರು ವರ್ಷ ಕೆಲಸ ಕಲಿತದ್ದು ಇಲ್ಲೇ. ಬಂಡವಾಳ ಹಾಕಿದವರು ಸೆಬಾಲ್ಡ್ ಶ್ರೈಯರ್ ಮತ್ತು ಸೆಬಾಸ್ಟಿಯನ್ ಕಾಮರ್‌ಮೈಸ್ಟರ್. ಲ್ಯಾಟಿನ್ ಆವೃತ್ತಿ 1493ರ ಜುಲೈ 12ಕ್ಕೆ ಮುಗಿಯಿತು, ಗೇಯೋರ್ಗ್ ಆಲ್ಟ್ ಮಾಡಿದ ಜರ್ಮನ್ ಅನುವಾದ ಅದೇ ವರ್ಷ ಡಿಸೆಂಬರ್ 23ಕ್ಕೆ. ಎಣಿಸಿದವರ ಪ್ರಕಾರ ಚಿತ್ರಗಳು 1809, ಅವನ್ನು ಕೊಟ್ಟ ಹಲಗೆಗಳು 645. ಅಂದರೆ ಸರಾಸರಿಗೆ ಒಂದೊಂದು ಹಲಗೆಯೂ ಹತ್ತಿರಹತ್ತಿರ ಮೂರು ಸಲ ದುಡಿದಿದೆ. ಅಚ್ಚುಮೊಳೆ, ಅಂದರೆ ಒಂದೊಂದು ಅಕ್ಷರದ ಲೋಹದ ತುಂಡು, ಬಲ್ಲವರಿಗೆ ಇದು ವಿಚಿತ್ರವಲ್ಲ. ಒಂದು ಪುಟಕ್ಕೆ ಜೋಡಿಸಿದ 'ಅ' ಮೊಳೆಯನ್ನು ಬಿಚ್ಚಿ ಇನ್ನೊಂದು ಪುಟಕ್ಕೆ ಹಾಕುತ್ತೇವಲ್ಲ, ಹಲಗೆಯೂ ಹಾಗೆಯೇ. ಅದೊಂದು ದೊಡ್ಡ ಮೊಳೆ. ಈ ಮಾತನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಅಳತೆಗಳೆಲ್ಲ ತಾವಾಗಿ ಹೊಂದಿಕೊಳ್ಳುತ್ತವೆ. ಮರೆತರೆ ಚೆಂದದ ಕೆತ್ತನೆ ಸಿಗುತ್ತದೆ, ಪುಟಕ್ಕೆ ಕೂಡುವುದಿಲ್ಲ.

ಮೂಲದ ಊರಿನ ನಕಲು ಮಾಡಲಿಲ್ಲ. ಅದೇ ಮಾದರಿಯಲ್ಲಿ ಒಂದು ಹೆಸರಿಲ್ಲದ ಊರು ಬಿಡಿಸಿದೆ: ಮುಂದೆ ಕೋಟೆಗೋಡೆ, ಒಂದು ಬಾಗಿಲು, ಹಿಂದೆ ಏರುತ್ತ ಹೋಗುವ ಮನೆ ಸೂರುಗಳು, ಐದು ಗೋಪುರ, ಬಲಕ್ಕೆ ಒಂದು ಗುಡ್ಡ. ಹಲಗೆಯ ಅಗಲ 42 ಪೈಕಾ ಎಮ್ (ಅಚ್ಚುಮನೆಯ ಅಳತೆ; ಒಂದು ಎಮ್ ಎಂದರೆ 12 ಪಾಯಿಂಟ್, ಸುಮಾರು 4.2 ಮಿ.ಮೀ.), ಎತ್ತರ 33 ಎಮ್. ಮಿಲಿಮೀಟರಿನಲ್ಲಿ ಸುಮಾರು 177 ಮತ್ತು 139. ಎಮ್ ಲೆಕ್ಕದಲ್ಲೇ ಹಲಗೆ ಕೊಯ್ದದ್ದು ಬೇಕೆಂದೇ. ಮೊಳೆ, ಸಾಲುಗಳ ನಡುವೆ ಇಡುವ ಲೆಡ್ ಪಟ್ಟಿ, ಸುತ್ತಲ ಖಾಲಿ ಜಾಗ ತುಂಬುವ ಫರ್ನಿಚರ್ ತುಂಡು ಎಲ್ಲವೂ ಪಾಯಿಂಟ್ ಅಳತೆಯವು. ಹಲಗೆ 180 ಮಿ.ಮೀ. ಎಂದು ದುಂಡಗೆ ಕೊಯ್ದರೆ ಚೇಸ್ ಎಂಬ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿಯುವಾಗ ಒಂದು ಕಡೆ ಸಂದು ಉಳಿಯುತ್ತದೆ, ಅದಕ್ಕೆ ರಟ್ಟು ತುರುಕುತ್ತ ಕೂರಬೇಕಾಗುತ್ತದೆ. ತುರುಕಿದ ರಟ್ಟು ಹತ್ತನೇ ಹಾಳೆಗೆ ಮೇಲೆದ್ದು ಮಸಿ ಹಿಡಿಯುತ್ತದೆ.

ಮರದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಯುರೋಪಿನ ಮರದಚ್ಚಿನವರ ಕೈಗೆ ಒಗ್ಗಿದ್ದು ಪೇರ್, ಸೇಬು, ಚೆರ್ರಿ, ಬೀಚ್ ಮರಗಳು. ಮರದ ನಾರಿನ ಎಳೆ ಸಣ್ಣದು, ಉದ್ದಕ್ಕೂ ಒಂದೇ ಹದ. ನಮ್ಮಲ್ಲಿ ಅದಕ್ಕೆ ಹತ್ತಿರ ಬರುವುದು ಆಲೆ ಮರ, ಚನ್ನಪಟ್ಟಣದ ಬೊಂಬೆಯವರು ಕಡೆಯುವ ಅದೇ ಬಿಳಿ ಮರ. ಕತ್ತಿಗೆ ಬೆಣ್ಣೆಯಲ್ಲ, ಆದರೆ ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುತ್ತದೆ. ಅರಿಶಿನ ತೇಗವೂ ನಡೆಯುತ್ತದೆ. ತೇಗ ಬೇಡ: ವರ್ಷದ ಉಂಗುರದಲ್ಲಿ ಒಂದು ಪಟ್ಟಿ ಮೆತ್ತಗೆ, ಒಂದು ಪಟ್ಟಿ ಗಟ್ಟಿ, ರಂಧ್ರಗಳು ಗೆರೆಗಿಂತ ದಪ್ಪ, ಮರದೊಳಗಿನ ಮರಳಿನಂಥ ಅಂಶಕ್ಕೆ ಕತ್ತಿಯ ಬಾಯಿ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲಿ ಅರ್ಧ ಮಿ.ಮೀ. ಗೆರೆ ನಿಲ್ಲುವುದೇ ಇಲ್ಲ, ಅಂಚು ಹತ್ತಿಯ ಹಾಗೆ ಎದ್ದುಬಿಡುತ್ತದೆ.

ಆಲೆ ಮರದ ತೊಂದರೆ ಅಗಲದ್ದು. ಬೊಡ್ಡೆ ಸಣ್ಣದು. ಎಳೆಗೆ ಅಡ್ಡವಾಗಿ 139 ಮಿ.ಮೀ. ಅಗಲಕ್ಕೆ ಒಂದೇ ತುಂಡು, ಅದೂ ತಿರುಳು ಬಿಟ್ಟು, ಸಿಗುವುದು ಅಪರೂಪ. ಎರಡು ತುಂಡನ್ನು ಬದಿಗೆ ಬದಿ ಅಂಟಿಸಿದೆ. ಜೋಡಣೆ ಎಲ್ಲಿ ಬರಬೇಕು ಎಂದು ಚಿತ್ರ ಬಿಡಿಸುವ ಮೊದಲೇ ಗೊತ್ತಿರಬೇಕು. ಮರ ಒಣಗಿದಂತೆ ಜೋಡಣೆ ಬಾಯಿ ಬಿಟ್ಟೇ ಬಿಡುತ್ತದೆ, ಆಗ ಕಪ್ಪು ಗೆರೆಗಳ ನಡುವೆ ಕೂದಲಿನಂಥ ಒಂದು ಬಿಳಿ ಗೆರೆ ಹಾಯುತ್ತದೆ. ಆದ್ದರಿಂದ ಅದನ್ನು ಆಕಾಶದಲ್ಲಿ ಬರುವ ಹಾಗೆ, ಅಂದರೆ ಹೇಗೂ ಕೆತ್ತಿ ತೆಗೆಯುವ ಜಾಗದಲ್ಲಿ ಇಟ್ಟೆ. ಆದರೂ ಎರಡು ಗೋಪುರದ ತುದಿಗಳು ಅದನ್ನು ದಾಟಿದವು. ಅವು ದಾಟುವ ಕಡೆ ಗೆರೆಯನ್ನು ತುಸು ದಪ್ಪ ಬಿಟ್ಟಿದ್ದೇನೆ.

ಎಳೆ ಹಲಗೆಯ ಅಗಲದ ಉದ್ದಕ್ಕೆ, ಎಡದಿಂದ ಬಲಕ್ಕೆ. ಗೋಡೆ, ಸೂರಿನ ಅಂಚು, ನೆಲದ ಗೆರೆ ಎಲ್ಲ ಎಳೆಯ ಜೊತೆ ಓಡುತ್ತವೆ, ಗಟ್ಟಿಯಾಗಿರುತ್ತವೆ. ಗೋಪುರದ ನಿಲುಗೆರೆಗಳು ಎಳೆಗೆ ಅಡ್ಡ. ಅಂಥ ಗೆರೆಯಲ್ಲಿ ಒಂದೊಂದು ನಾರಿನ ಉದ್ದ ಗೆರೆಯ ದಪ್ಪದಷ್ಟೇ, ಅಂದರೆ ಅರ್ಧ ಮಿ.ಮೀ. ಇಟ್ಟಿಗೆ ಗಾರೆಯಿಲ್ಲದೆ ಪೇರಿಸಿದಂತೆ ಅದು. ಉಗುರು ತಾಗಿದರೂ ಉದುರುತ್ತದೆ. ಎಳೆಯ ಜೊತೆ ಹೋಗುವ ಗೆರೆ 0.3 ಮಿ.ಮೀ. ಇದ್ದರೂ ಸಾಕು, ಅಡ್ಡ ಹೋಗುವುದು 0.5ಕ್ಕಿಂತ ಕಡಿಮೆಯಾಗಬಾರದು. ಈ ನಿಯಮ ಚಿತ್ರ ಬಿಡಿಸುವವನಿಗೆ ಸೇರಿದ್ದು, ಕೆತ್ತುವವನಿಗಲ್ಲ. ಕೆತ್ತುವ ಹೊತ್ತಿಗೆ ಹೊತ್ತು ಮೀರಿರುತ್ತದೆ.

ಹಲಗೆಯ ದಪ್ಪ (ಅಚ್ಚಿನವರ ಮಾತಿನಲ್ಲಿ 'ಎತ್ತರ') ಮೊಳೆಯಷ್ಟೇ ಇರಬೇಕು: 23.3 ಮಿ.ಮೀ. ನಾನು 23.0ಕ್ಕೆ ಹತ್ತರಿ ಹೊಡೆದು ನಿಲ್ಲಿಸಿ, ಉಳಿದದ್ದನ್ನು ಅಡಿಗೆ ಕಾಗದ ಕೊಟ್ಟು ಏರಿಸುತ್ತೇನೆ. ಸಾಮಾನ್ಯ ಝೆರಾಕ್ಸ್ ಹಾಳೆ ಒಂದಕ್ಕೆ 0.1 ಮಿ.ಮೀ. ಲೆಕ್ಕ ಹಿಡಿಯಿರಿ. ನಾಲ್ಕು ಮೂಲೆ ಮತ್ತು ನಡುವೆ ಕ್ಯಾಲಿಪರ್ ಇಟ್ಟಾಗ ವ್ಯತ್ಯಾಸ 0.1ರ ಒಳಗೆ ಇರಬೇಕು. ಎತ್ತರ ಹೆಚ್ಚಾದ ಹಲಗೆಯನ್ನು ಕೆತ್ತಿದ ಮೇಲೆ ಅಡಿಯಿಂದ ಹೆರೆದು ತಗ್ಗಿಸುವುದು ಬೇಡವೇ ಬೇಡ. ಹಿಡಿಕೆಗೆ ಸಿಕ್ಕ ಮುಖದ ಗೆರೆಗಳು ನುಗ್ಗಾಗುತ್ತವೆ. ಮರ ಒಣಗಲು ಇಂಚು ದಪ್ಪಕ್ಕೆ ಒಂದು ವರ್ಷ ನೆರಳು. ಮಳೆಗಾಲದಲ್ಲಿ ಬಿಳಿ ಮರ ಗಾಳಿಯಾಡದೆ ಬಿದ್ದಿದ್ದರೆ ಬೂಷ್ಟು ಹಿಡಿದು ನೀಲಿ ಕಲೆಯಾಗುತ್ತದೆ. ಕಲೆಯಿಂದ ತೊಂದರೆಯಿಲ್ಲ, ಅದರ ಹಿಂದೆ ಬರುವ ಕೊರೆಹುಳದಿಂದ ಇದೆ.

ಚಿತ್ರವನ್ನು ಹಲಗೆಗೆ ದಾಟಿಸಲು ತೆಳು ಕಾಗದದ ಮೇಲೆ ಇಂಡಿಯನ್ ಇಂಕಿನಲ್ಲಿ ಬಿಡಿಸಿ, ತೆಳ್ಳಗೆ ಬಳಿದ ಮೈದಾ ಅಂಟಿನ ಮೇಲೆ ಚಿತ್ರದ ಮುಖ ಕೆಳಗೆ ಬರುವಂತೆ ಅಂಟಿಸಿದೆ. ಎಡ ಬಲ ತಾನೇ ತಿರುಗಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಎರಡು ಹನಿ ಅಗಸೆ ಎಣ್ಣೆ ಸವರಿದರೆ ಕಾಗದ ಪಾರದರ್ಶಕವಾಗಿ ಗೆರೆ ಸ್ಪಷ್ಟ ಕಾಣುತ್ತದೆ. ಅಂಟು ದಪ್ಪವಾದರೆ ಕತ್ತಿ ಹಾಯುವಾಗ ಕಾಗದ ಸಿಪ್ಪೆಯಾಗಿ ಏಳುತ್ತದೆ, ಗೆರೆ ಎಲ್ಲಿತ್ತೋ ತಿಳಿಯುವುದಿಲ್ಲ. ನ್ಯೂರೆಂಬರ್ಗಿನವರು ಪುಸ್ತಕಕ್ಕೆ ಮೊದಲು ಮಾಡಿಕೊಂಡ ಕರಡು ಪ್ರತಿಗಳು, ಯಾವ ಪುಟದಲ್ಲಿ ಎಷ್ಟು ಸಾಲು, ಎಲ್ಲಿ ಯಾವ ಚಿತ್ರ ಎಂದು ಗುರುತು ಹಾಕಿದವು, ಲ್ಯಾಟಿನ್ನಿನದು ಜರ್ಮನ್ನಿನದು ಎರಡೂ ಆ ಊರಿನ ಗ್ರಂಥಾಲಯದಲ್ಲಿ ಉಳಿದಿವೆ. ಮೊದಲ ದೊಡ್ಡ ಚಿತ್ರಕ್ಕೆ, ಸಿಂಹಾಸನದ ಮೇಲೆ ಕೂತ ದೇವರಿಗೆ, ವೋಲ್ಗೆಮುಟ್ 1490ರಲ್ಲಿ ಬಿಡಿಸಿದ ಲೇಖನಿಯ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಪುಸ್ತಕ ಹೊರಬರುವುದಕ್ಕೆ ಮೂರು ವರ್ಷ ಮೊದಲಿನದು. ಅಚ್ಚುಕೂಟದ ಕೆಲಸ ಎಷ್ಟು ಮುಂಚೆ ಶುರುವಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನೆರಳು ಹಾಕುವಾಗ ಒಂದು ಲೆಕ್ಕ ಮಾಡಿಕೊಳ್ಳಿ. ಒಂದು ಸೆಂಟಿಮೀಟರ್ ಚೌಕದಲ್ಲಿ ಒಂದೇ ದಿಕ್ಕಿನ 8 ಗೆರೆ ಇದ್ದರೆ ನಡುವಿನ ಸಂದು 7, ಸಂದಿಗೆ ಎರಡರಂತೆ 14 ಸಲ ಕತ್ತಿ ಎಳೆಯಬೇಕು. ಅದರ ಮೇಲೆ ಅಡ್ಡ ಇನ್ನೂ 8 ಗೆರೆ ಹಾಕಿ ಜಾಳಿಗೆಯಂತೆ ಹೆಣೆದರೆ 49 ಗುಳಿ, ಒಂದೊಂದಕ್ಕೆ ನಾಲ್ಕು ಬದಿ, 196 ಕಡಿತ. ಹದಿನಾಲ್ಕೆಲ್ಲಿ, ನೂರತೊಂಬತ್ತಾರೆಲ್ಲಿ! ಲೇಖನಿಯಲ್ಲಿ ಎರಡು ಕ್ಷಣದ ಕೆಲಸ ಕತ್ತಿಯಲ್ಲಿ ಒಂದು ಬೆಳಗ್ಗೆ. ಆ ಕಾಲದ ಮರದಚ್ಚುಗಳಲ್ಲಿ ಬಹುಪಾಲು ನೆರಳು ಒಂದೇ ದಿಕ್ಕಿನ ಗೆರೆಗಳಲ್ಲಿ ಇರುವುದಕ್ಕೆ ಕಾರಣ ಕಲಾವಿದನಿಗೆ ತಿಳಿಯದಿದ್ದದ್ದಲ್ಲ, ಈ ಲೆಕ್ಕ. ಹೆಣೆದ ನೆರಳು ಮರದಲ್ಲಿ ಮೊದಲಿಗೆ ಕಾಣಿಸಿಕೊಂಡ ಕಡೆಗಳಲ್ಲಿ ಒಂದು, 1486ರಲ್ಲಿ ಮೈಂಟ್ಸ್‌ನಲ್ಲಿ ಅಚ್ಚಾದ ಬ್ರೈಡನ್‌ಬಾಖ್‌ನ ಯಾತ್ರಾಪುಸ್ತಕದ ಮೊದಲ ಚಿತ್ರ, ಎರ್ಹಾರ್ಡ್ ರಾಯ್‌ವಿಖ್ ಬಿಡಿಸಿದ್ದು. ಅದರಲ್ಲಿನ ವೆನಿಸ್ ನೋಟವನ್ನೇ ಆಧಾರವಾಗಿಟ್ಟುಕೊಂಡು ಕ್ರಾನಿಕಲ್‌ನ ವೆನಿಸ್ ತಯಾರಾಯಿತು. ನನ್ನ ಹಲಗೆಯಲ್ಲಿ ಕೋಟೆ ಬಾಗಿಲಿನ ಒಳಗತ್ತಲಿಗೆ ಮಾತ್ರ ಹೆಣೆದ ನೆರಳಿಟ್ಟೆ, ಎರಡು ಚದರ ಸೆಂಟಿಮೀಟರ್. ಅದಕ್ಕೇ ಐದು ಗಂಟೆ ಹಿಡಿಯಿತು.

ಕತ್ತಿ ಪೇಟೆಯಲ್ಲಿ ಸಿದ್ಧ ಸಿಗುವುದಕ್ಕಿಂತ ಮಾಡಿಕೊಂಡದ್ದೇ ಮೇಲು. ಪವರ್ ಹ್ಯಾಕ್ಸಾ ಬ್ಲೇಡಿನ 10 ಮಿ.ಮೀ. ಅಗಲದ ತುಂಡು, ತುದಿ 45 ಡಿಗ್ರಿ ಓರೆ, ಒಂದೇ ಬದಿಗೆ 20 ಡಿಗ್ರಿ ಸಾಣೆ. ಹ್ಯಾಂಡಲ್ ಆಲೆ ಮರದ್ದೇ. ಸಾಣೆಕಲ್ಲಿನ ಮೇಲೆ ದಿನಕ್ಕೊಮ್ಮೆ ಸಾಕು, ಆದರೆ ಚರ್ಮದ ಪಟ್ಟಿಯ ಮೇಲೆ ಹತ್ತು ನಿಮಿಷಕ್ಕೊಮ್ಮೆ ಹತ್ತು ಎಳೆತ. ಮೊಂಡು ಕತ್ತಿ ಕತ್ತರಿಸುವುದಿಲ್ಲ, ನಾರನ್ನು ಒತ್ತಿ ಮಲಗಿಸುತ್ತದೆ. ಆ ನಾರು ಮಸಿ ತಾಗಿದಾಗ ಎದ್ದು ಗೆರೆಯ ಅಂಚು ಜೂಲಾಗುತ್ತದೆ.

ಒಂದು ಗೆರೆ ಹೇಗೆ ನಿಲ್ಲುತ್ತದೆ ಎಂದು ಹತ್ತಿರದಿಂದ ನೋಡೋಣ. ಕತ್ತಿಯನ್ನು ಪೆನ್ನಿನ ಹಾಗೆ ಹಿಡಿದು, ಎಡಗೈಯ ನಡುಬೆರಳು ಬ್ಲೇಡಿನ ತುದಿಗೆ ಒತ್ತಾಸೆಯಾಗಿ, ತನ್ನ ಕಡೆಗೆ ಎಳೆಯುವುದು. ಮೊದಲ ಕಡಿತ ಗೆರೆಯ ಅಂಚಿನಲ್ಲಿ, ಹಿಡಿ ಗೆರೆಯ ಮೇಲಕ್ಕೆ ವಾಲಿದ್ದು ಬಾಯಿ ಹೊರಕ್ಕೆ ಇಳಿಯಬೇಕು. ಹಾಗೆ ಮಾಡಿದರೆ ಗೆರೆ ಕೆರೆ ಏರಿಯ ಹಾಗೆ ಮೇಲೆ ಸಣ್ಣ, ಬುಡ ಅಗಲವಾಗಿ ನಿಲ್ಲುತ್ತದೆ. ಹಿಡಿ ಗೆರೆಯಿಂದ ಆಚೆಗೆ ವಾಲಿದರೆ ಗೆರೆಯ ಬುಡವೇ ಕೊರೆದುಹೋಗಿ, ಮೊದಲ ಒತ್ತಿಗೇ ಮುರಿದು ಮಸಿ ಹಚ್ಚುವ ಚೆಂಡಿಗೆ ಅಂಟಿಕೊಂಡು ಬರುತ್ತದೆ. ಆಳ 1 ಮಿ.ಮೀ. ಸಾಕು. ಎರಡನೇ ಕಡಿತ ಎದುರು ಬದಿಯಿಂದ, ಮೊದಲನೆಯದನ್ನು ತಳದಲ್ಲಿ ಕೂಡುವಂತೆ. ಎರಡೂ ಸರಿಯಾಗಿ ಕೂಡಿದರೆ ನಡುವಿನ ಮರ ನೂಲಿನ ಹಾಗೆ ತಾನೇ ಎದ್ದು ಬರುತ್ತದೆ. ಎದ್ದು ಬರದಿದ್ದರೆ ಎಲ್ಲೋ ಕೂಡಿಲ್ಲ ಎಂದರ್ಥ; ಕತ್ತಿಯ ತುದಿಯಿಂದ ಮೀಟಲು ಹೋಗಬೇಡಿ, ಇನ್ನೊಮ್ಮೆ ಎಳೆಯಿರಿ. ಮೀಟಿದಾಗ ಹೊರಡುವುದು ಕಸವಲ್ಲ, ಪಕ್ಕದ ಗೆರೆ.

ಚೌಕ ಕಿಟಕಿಯಂಥದ್ದು ಬಂದಾಗ ಮೊದಲು ಎಳೆಗೆ ಅಡ್ಡವಾದ ಎರಡು ಬದಿ, ಆಮೇಲೆ ಎಳೆಯ ಜೊತೆ ಹೋಗುವ ಎರಡು ಬದಿ. ಎಳೆಯ ಜೊತೆಗಿನ ಕಡಿತ ಮರವನ್ನು ಸೀಳುತ್ತ ಓಡುತ್ತದೆ, ಅಡ್ಡ ಕಡಿತ ಮೊದಲೇ ಇದ್ದರೆ ಅಲ್ಲಿ ಬಂದು ನಿಲ್ಲುತ್ತದೆ. ಕ್ರಮ ತಪ್ಪಿದರೆ ಸೀಳು ಪಕ್ಕದ ಕಿಟಕಿಗೂ ಹೋಗುತ್ತದೆ. ನನ್ನ ಮೂರನೇ ಗೋಪುರಕ್ಕೆ ಎರಡು ಕಿಟಕಿಯ ಬದಲು ಒಂದು ಉದ್ದ ಕಿಟಕಿ ಇರುವುದು ಹೀಗೆ.

ಸಣ್ಣ ಕೆಲಸ ಮೊದಲು, ದೊಡ್ಡ ಬಯಲು ಕೊನೆಗೆ. ಸುತ್ತ ಮರ ಇರುವತನಕ ಸಣ್ಣ ಗೆರೆಗೆ ಆಸರೆ ಇರುತ್ತದೆ. ಆಕಾಶವನ್ನು ದುಂಡು ಉಳಿಯಲ್ಲಿ ತೆಗೆಯುವಾಗ ಆಳ ಅಗಲಕ್ಕೆ ತಕ್ಕಂತೆ: 10 ಮಿ.ಮೀ. ಸಂದಿಗೆ 2 ಮಿ.ಮೀ. ಆಳ, 40 ಮಿ.ಮೀ. ಬಯಲಿಗೆ 5. ಒದ್ದೆ ಕಾಗದ ಒತ್ತಿದಾಗ ಒಳಗೆ ಜೋಲುತ್ತದೆ. ಆಳ ಸಾಲದಿದ್ದರೆ ಆಕಾಶದಲ್ಲಿ ಉಳಿ ಗುರುತುಗಳು ಬೂದು ಮೋಡವಾಗಿ ಮೂಡುತ್ತವೆ. ಉಳಿಗೆ ಗೆರೆಯ ಹತ್ತಿರ 2 ಮಿ.ಮೀ. ಒಳಗೆ ಪ್ರವೇಶವಿಲ್ಲ, ಅಲ್ಲಿ ಕತ್ತಿಯೇ. ಸುತ್ತಲ ಚೌಕಟ್ಟು ಗೆರೆ 1 ಮಿ.ಮೀ.; ಅದರ ಹೊರಗಿನ ಮರವನ್ನು ಕಟ್ಟಕಡೆಗೆ, ಪ್ರೂಫ್ ತೆಗೆದ ಮೇಲೆಯೇ ಕೊಯ್ಯುವುದು. ಮಸಿ ಹಚ್ಚದೆಯೇ ನೋಡಬೇಕೆಂದರೆ ತೆಳು ಕಾಗದ ಹಾಸಿ ಪೆನ್ಸಿಲ್ ಪುಡಿ ಉಜ್ಜಿದರೆ ಸಾಕು, ಏನು ಉಳಿದಿದೆ ಎಂದು ಗೊತ್ತಾಗುತ್ತದೆ.

ಮುರಿದರೆ? ಗೆರೆ ತಗ್ಗಾಗಿದ್ದರೆ ಒಂದು ಹನಿ ನೀರು ಬಿಟ್ಟು, ಮೇಲೆ ಒದ್ದೆ ಬಟ್ಟೆಯ ಚೂರಿಟ್ಟು ಬಿಸಿ ಕಬ್ಬಿಣ ತಾಗಿಸಿದರೆ ನಾರು ಉಬ್ಬಿ ಮೇಲೆ ಬರುತ್ತದೆ. ಪೂರ್ತಿ ಹೋಗಿದ್ದರೆ 6 ಮಿ.ಮೀ. ತೂತು, ಅದೇ ಮರದ ಸ್ವಲ್ಪ ಮೊನೆಯಾದ ಬೆಣೆ, ಎಳೆಯ ದಿಕ್ಕು ಸರಿಹೊಂದಿಸಿ ಫೆವಿಕಾಲ್ ಹಚ್ಚಿ ಬಡಿದು, ಒಣಗಿದ ಮೇಲೆ ಸಮ ಮಾಡಿ ಮತ್ತೆ ಕೆತ್ತುವುದು. ಈ ಬೆಣೆ ವಿದ್ಯೆ ಬಹಳ ಹಳೆಯದು. ನನ್ನ ಹಲಗೆಯಲ್ಲಿ ಅಂಥವು ಮೂರು. ಒಟ್ಟು ಕೆತ್ತನೆಗೆ 46 ಗಂಟೆ.

ಮಸಿಗೆ ಅಗಸೆ ಎಣ್ಣೆಯನ್ನು ಜೇನಿಗಿಂತ ಗಟ್ಟಿಯಾಗುವ ತನಕ ಕಾಯಿಸಬೇಕು. ಇದು ಮನೆಯೊಳಗೆ ಮಾಡುವ ಕೆಲಸವಲ್ಲ. ಬಯಲಲ್ಲಿ, ಪಾತ್ರೆಯ ಮೂರರಲ್ಲಿ ಒಂದು ಪಾಲು ಮಾತ್ರ ಎಣ್ಣೆ, ಬಿಗಿಯಾಗಿ ಕೂರುವ ಮುಚ್ಚಳ ಕೈಗೆಟುಕುವಲ್ಲಿ, ನೀರು ಹತ್ತಿರವೂ ಬೇಡ. ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚಿ ಒಲೆ ಆರಿಸುವುದು. ತಣ್ಣಗಾದ ಹನಿಯನ್ನು ಎರಡು ಬೆರಳ ನಡುವೆ ಹಿಡಿದು ಎಳೆದಾಗ ಎರಡು ಸೆಂಟಿಮೀಟರ್ ನೂಲು ಬಂದರೆ ಹದ. ಇಷ್ಟು ತಾಪತ್ರಯ ಬೇಡವೆಂದರೆ ಲಿಥೋ ವಾರ್ನಿಷ್ ಕೊಂಡು ತನ್ನಿ, ಅದೂ ಇದೇ ವಸ್ತು. 100 ಗ್ರಾಂ ವಾರ್ನಿಷ್ಷಿಗೆ 20 ಗ್ರಾಂ ದೀಪದ ಕಾಡಿಗೆ, ಕಲ್ಲಿನ ಮೇಲೆ ಅರ್ಧ ಗಂಟೆ ಅರೆಯುವುದು. ಎಣ್ಣೆ ಹದಕ್ಕೆ ಬರದಿದ್ದರೆ ವಾರ ಕಳೆದ ಮೇಲೆ ಒಂದೊಂದು ಗೆರೆಯ ಸುತ್ತಲೂ ಹಳದಿ ಪ್ರಭಾವಳಿ ಏಳುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರವಿ.

ರಬ್ಬರ್ ರೋಲರ್ ಬದಲು ಚರ್ಮದ ಮಸಿ ಚೆಂಡನ್ನೇ ಬಳಸಿದೆ, 15 ಸೆಂ.ಮೀ. ವ್ಯಾಸದ ಕುರಿಚರ್ಮ, ಒಳಗೆ ಉಣ್ಣೆ. ರೋಲರ್ ಬಯಲಿನಲ್ಲಿ ಇಳಿದು ತಳಕ್ಕೂ ಮಸಿ ಹಚ್ಚುತ್ತದೆ. ಚೆಂಡನ್ನು ತಟ್ಟುವುದರಿಂದ ಗೆರೆಯ ತಲೆಗೆ ಮಾತ್ರ ಹತ್ತುತ್ತದೆ. ಎರಡು ಚೆಂಡು ಪರಸ್ಪರ ತಿಕ್ಕಿ ಮಸಿ ಹರಡಿಕೊಂಡು, ಹಲಗೆಯ ಮೇಲೆ ಸದ್ದಾಗದಷ್ಟು ಹಗುರವಾಗಿ ತಟ್ಟಬೇಕು. 'ಚಪ್ ಚಪ್' ಕೇಳಿಸಿದರೆ ಮಸಿ ಜಾಸ್ತಿ. ಹೆಣೆದ ನೆರಳಿನ ಗುಳಿಗಳು ಮುಚ್ಚಿಕೊಳ್ಳುತ್ತವೆ.

ಕಾಗದ ಹತ್ತಿಯ ಕೈಕಾಗದ, 130 ಜಿಎಸ್‌ಎಂ. ಹಿಂದಿನ ಸಂಜೆ ಒಂದು ಹಾಳೆ ನೀರಿನಲ್ಲಿ ಅದ್ದಿ, ಅದರ ಮೇಲೆ ನಾಲ್ಕು ಒಣ ಹಾಳೆ, ಮತ್ತೆ ಒಂದು ಒದ್ದೆ, ಹೀಗೆ ಪೇರಿಸಿ ಪ್ಲಾಸ್ಟಿಕ್ ಸುತ್ತಿ ಮೇಲೆ ಹಲಗೆ, ಹಲಗೆಯ ಮೇಲೆ ಹತ್ತು ಕೆ.ಜಿ. ಬೆಳಗ್ಗೆ ಎಲ್ಲ ಹಾಳೆಗೂ ಒಂದೇ ತೇವ. ಕೆನ್ನೆಗೆ ತಾಗಿಸಿದರೆ ತಂಪು ತಿಳಿಯಬೇಕು, ಹೊಳಪು ಕಾಣಬಾರದು. ಮಳೆಗಾಲದಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಟ್ಟರೆ ಬೂಷ್ಟಿನ ಚುಕ್ಕೆ ಗ್ಯಾರಂಟಿ.

ಅಚ್ಚಿಗೆ ಕಾಲಲ್ಲಿ ತುಳಿದು ಓಡಿಸುವ ಟ್ರೆಡಲ್ ಮೆಷಿನ್ ಬೇಡವೆಂದೇ ತೀರ್ಮಾನಿಸಿದೆ. ಅದರ ಪ್ಲಾಟನ್, ಅಂದರೆ ಕಾಗದ ಒತ್ತುವ ತಟ್ಟೆ, ಕಪ್ಪೆಚಿಪ್ಪಿನ ಹಾಗೆ ಮುಚ್ಚಿಕೊಳ್ಳುತ್ತದೆ, ಒಂದು ಅಂಚು ಮೊದಲು ತಾಗಿ ಅಲ್ಲಿನ ಗೆರೆ ನುರಿಯುತ್ತದೆ. ಕೋಬರ್ಗರ್‌ನ ಕಾಲದ್ದು ತಿರುಪಿನ ಪ್ರೆಸ್, ನೇರ ಮೇಲಿಂದ ಇಳಿಯುವುದು. ನಮ್ಮ ಬೈಂಡಿಂಗ್ ಪ್ರೆಸ್ಸಿನದೂ ಅದೇ ಚಲನೆ. 14 ಇಂಚು 10 ಇಂಚಿನ ಕಬ್ಬಿಣದ ಬೈಂಡಿಂಗ್ ಪ್ರೆಸ್, ಒಳಗೆ ಜಾರುವ ಹಲಗೆ, ಅದರ ಮೇಲೆ ಚೇಸ್. ಗಂಟೆಗೆ 20 ಹಾಳೆ. ನಿಧಾನ, ಆದರೆ ಒತ್ತು ಕೈಗೆ ಗೊತ್ತಾಗುತ್ತದೆ.

ಈಗ ನಾಲ್ಕು ಹೆಸರು. ಚಿತ್ರದ ಮೇಲೆ ಒಂದೇ ಸಾಲು, 18 ಪಾಯಿಂಟ್ ಕನ್ನಡ ಮೊಳೆ. ನಾಲ್ಕನ್ನೂ ಮೊದಲೇ 42 ಎಮ್ ಅಳತೆಗೆ ಸ್ಟಿಕ್ಕಿನಲ್ಲಿ (ಮೊಳೆ ಜೋಡಿಸುವ ತಟ್ಟೆ) ಜೋಡಿಸಿ, ಎರಡು ಬದಿ ಸಮನಾಗಿ ಕ್ವಾಡ್ (ಅಕ್ಷರವಿಲ್ಲದ ಖಾಲಿ ಮೊಳೆ) ತುಂಬಿ ದಾರ ಕಟ್ಟಿ ಇಟ್ಟುಕೊಂಡೆ. ಫೆರಾರಾ, ಮಾಂಟುವಾ, ಮಿಲಾನ್ ಮೂರೂ ಸುಲಭ. ದಮಾಸ್ಕಸ್‌ನ 'ಸ್ಕ'ದಲ್ಲಿ ಒತ್ತು ಕೆಳಗಿಳಿಯುತ್ತದೆ. ಉಳಿದವಕ್ಕೆ ಕೊಟ್ಟ ಸಂದೇ ಇದಕ್ಕೂ ಕೊಟ್ಟಾಗ ಕ-ಒತ್ತು ಚೌಕಟ್ಟಿನ ಗೆರೆಯ ಮೇಲೆ ಕೂತು ಎರಡೂ ಸೇರಿ ಒಂದು ಮಸಿ ಮುದ್ದೆಯಾಯಿತು. ಈ ಒಂದು ಹೆಸರಿಗೆ ಮಾತ್ರ 6 ಪಾಯಿಂಟ್ ಲೆಡ್ ಹೆಚ್ಚು ಕೊಟ್ಟರೆ ಹಲಗೆ ಕೆಳಗೆ ಸರಿದು ಅಂಚು ಬದಲಾಗುತ್ತದೆ. ಆದ್ದರಿಂದ ನಾಲ್ಕಕ್ಕೂ 6 ಪಾಯಿಂಟ್ ಕೊಟ್ಟೆ. ಲ್ಯಾಟಿನ್ ಮೊಳೆಯವರಿಗೆ ಈ ಪಾಡಿರಲಿಲ್ಲ.

ಮೊಳೆ ಲೋಹ, ಹಲಗೆ ಮರ. ಒಂದೇ ಎತ್ತರದಲ್ಲಿದ್ದರೂ ಒತ್ತಿದಾಗ ಮರ ತುಸು ತಗ್ಗುತ್ತದೆ, ಹೆಸರು ಕಾಗದಕ್ಕೆ ಕಚ್ಚಿ ಚಿತ್ರ ಮಂಕಾಗುತ್ತದೆ. ಹಲಗೆಯಡಿ ಒಂದು ಹಾಳೆ ಹೆಚ್ಚು, ಅಂದರೆ 0.1 ಮಿ.ಮೀ. ಮೇಲೆ. ಆಮೇಲೆ ಮೇಕ್‌ರೆಡಿ, ಅಂದರೆ ಒತ್ತನ್ನು ಸರಿದೂಗಿಸುವ ಕೆಲಸ: ಬಾಗಿಲಿನ ಕಪ್ಪಿಗೆ ಒತ್ತು ಜಾಸ್ತಿ ಬೇಕು, ಒಂಟಿ ಗೋಪುರದ ತುದಿಗೆ ಕಡಿಮೆ. ಬಯಲಿನ ನಡುವೆ ಒಂಟಿಯಾಗಿ ನಿಂತ ಗೆರೆಯ ಮೇಲೆಯೇ ಎಲ್ಲ ಭಾರ ಬಿದ್ದು ಅದು ಕಾಗದವನ್ನು ಸೀಳುತ್ತದೆ. ಟಿಂಪನ್ ಹಾಳೆಗಳ (ಕಾಗದದ ಬೆನ್ನಿಗೆ ಬರುವ ಮೆತ್ತೆ) ನಡುವೆ ಬಾಗಿಲಿನ ಜಾಗಕ್ಕೆ ಎರಡು ಪದರ ಟಿಶ್ಯೂ ಅಂಟಿಸಿ, ಗೋಪುರದ ತುದಿಗಳ ಜಾಗದಲ್ಲಿ ಒಂದು ಪದರ ಹರಿದು ತೆಗೆದೆ. ಕತ್ತರಿಸಬೇಡಿ, ಹರಿಯಿರಿ; ಕತ್ತರಿಸಿದ ಅಂಚು ಅಚ್ಚಿನಲ್ಲಿ ಗೀಟಾಗಿ ಕಾಣುತ್ತದೆ. ಇದಕ್ಕೆ ಹದಿನೈದು ಹಾಳೆ ಹೋಯಿತು.

ಹೆಸರಿಗೆ 25ರಂತೆ ನೂರು ಹಾಳೆ. ಅರವತ್ತನೆಯದರ ಹೊತ್ತಿಗೆ ಚಿತ್ರದ ನಡುಭಾಗ ಹೆಚ್ಚು ಕಪ್ಪಾಗತೊಡಗಿತು. ಒದ್ದೆ ಕಾಗದದ ತೇವ ಕುಡಿದು ಮರ ಎಳೆಗೆ ಅಡ್ಡ ದಿಕ್ಕಿನಲ್ಲಿ 0.3 ಮಿ.ಮೀ. ಬೆಳೆದಿತ್ತು. ಚೇಸ್ ಬಿಗಿ, ಹೋಗಲು ಜಾಗವಿಲ್ಲ, ನಡು ಉಬ್ಬಿತ್ತು. ಚೇಸನ್ನು ಬಿಗಿಯುವ ಕ್ವಾಯಿನ್ ಬೆಣೆ ಸಡಿಲಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಹಗುರವಾಗಿ ಬಿಗಿದ ಮೇಲೆ ಸರಿಹೋಯಿತು. ಇಪ್ಪತ್ತೈದು ಹಾಳೆಗೊಮ್ಮೆ ಸಡಿಲಿಸುವುದು ಈಗ ಅಭ್ಯಾಸ. ತೊಳೆಯಲು ನೀರು ಮುಟ್ಟಿಸುವಂತಿಲ್ಲ, ಸೀಮೆಎಣ್ಣೆ ಮತ್ತು ಮೃದು ಬ್ರಷ್ ಮಾತ್ರ.

ಒಂದು ಹೆಸರು ತೆಗೆದು ಇನ್ನೊಂದು ಹಾಕಲು ಹಿಡಿದದ್ದು ಹತ್ತು ನಿಮಿಷ. ಕೆತ್ತನೆಗೆ 46 ಗಂಟೆ, ಹೆಸರಿಗೆ 10 ನಿಮಿಷ. ನೂರಾರು ಊರು, ರಾಜ, ಸಂತರನ್ನು ಪುಟಕ್ಕೆ ಸೇರಿಸಬೇಕಾದ ಕಾರ್ಯಾಗಾರ ಏನು ಮಾಡುತ್ತದೆ ಎನ್ನುವುದಕ್ಕೆ ಈ ಎರಡು ಸಂಖ್ಯೆ ಸಾಕು. ಹಾಗೆಂದು ಎಲ್ಲಕ್ಕೂ ಹೀಗೆ ಮಾಡಲಿಲ್ಲ ಅವರು. ತಮ್ಮ ಊರು ನ್ಯೂರೆಂಬರ್ಗಿಗೆ ಎದುರುಬದುರು ಎರಡು ಪುಟ ತುಂಬುವ ದೊಡ್ಡ ನೋಟ, 99ನೇ ಹಾಳೆಯ ಹಿಂಬದಿಯಿಂದ 100ನೇ ಹಾಳೆಯ ಮುಂಬದಿಗೆ. ನೋಡಿ ಬಂದ ಊರನ್ನು ನೋಡಿದಂತೆ, ಕೇಳಿದ ಊರನ್ನು 'ಊರು' ಎಂಬ ಗುರುತಿನಂತೆ. ಓದುಗನಿಗೆ ದಮಾಸ್ಕಸ್ ಹೇಗಿದೆ ಎಂದು ಹೇಳುವುದಕ್ಕಿಂತ, ಈ ಪುಟದಲ್ಲಿ ಒಂದು ಪಟ್ಟಣದ ಮಾತು ಬಂದಿದೆ ಎಂದು ದೂರದಿಂದಲೇ ತಿಳಿಸುವುದು ಆ ಚಿತ್ರದ ಕೆಲಸ. ಇದಕ್ಕೂ ಮೊದಲು, 1474ರ ಸುಮಾರಿಗೆ ಕಲೋನ್‌ನಲ್ಲಿ ಅಚ್ಚಾದ ರೋಲೆವಿಂಕ್‌ನ ಚರಿತ್ರೆಯಲ್ಲಿ ಹೆಸರುಗಳನ್ನು ವೃತ್ತದೊಳಗೆ ಕೂಡಿಸಿ ಕಾಲದ ಗೆರೆಯ ಮೇಲೆ ಪೋಣಿಸಿದ್ದರು, ನಡುವೆ ಅಲ್ಲೊಂದು ಇಲ್ಲೊಂದು ಸಣ್ಣ ಚಿತ್ರ. ಕ್ರಾನಿಕಲ್ ಆ ವೃತ್ತಗಳಿಗೆ ಮುಖ ಕೊಟ್ಟಿತು ಎನ್ನಬಹುದು.

ಹಲಗೆ ಎಷ್ಟು ಬಾಳುತ್ತದೆ? ಲ್ಯಾಟಿನ್ ಪ್ರತಿಗಳು 1400ರ ಆಸುಪಾಸು ಎಂಬ ಅಂದಾಜು ಹಿಡಿದರೆ, ನಾಲ್ಕು ಕಡೆ ಬಂದ ಹಲಗೆ ಆ ಒಂದು ಆವೃತ್ತಿಯಲ್ಲೇ 5600 ಒತ್ತು ತಿಂದಿದೆ. ಮೊದಲು ಸೋಲುವುದು ಚೌಕಟ್ಟಿನ ಮೂಲೆ, ನನ್ನ ಹಲಗೆಯಲ್ಲೂ ಕೆಳ ಎಡ ಮೂಲೆ ಎಪ್ಪತ್ತನೇ ಹಾಳೆಗೆ ಹೋಯಿತು. ಆಮೇಲೆ ಎಳೆಯ ಉದ್ದಕ್ಕೆ ಬಿರುಕು, ಅದು ಬಿಳಿ ಗೆರೆಯಾಗಿ ಬೀಳುತ್ತದೆ. ಹುಳ ಕೊರೆದರೆ ದುಂಡು ಬಿಳಿ ಚುಕ್ಕೆ. ಇಂಥ ಪುಸ್ತಕಗಳ ಸ್ಕ್ಯಾನ್ ನೋಡುವಾಗ ಒಂದೇ ಚಿತ್ರ ಎರಡು ಕಡೆ ಕಂಡರೆ ಮೂಲೆಗಳನ್ನು ಹೋಲಿಸಿ: ಚೌಕಟ್ಟು ಹೆಚ್ಚು ಮುರಿದದ್ದು ಆಮೇಲಿನ ಅಚ್ಚು. ಪುಟದ ಕ್ರಮವೇ ಅಚ್ಚಿನ ಕ್ರಮವಾಗಿರಬೇಕಿಲ್ಲ, ಅದು ಈ ಬಿರುಕುಗಳಲ್ಲೇ ಗೊತ್ತಾಗುವುದು.

ಬಣ್ಣದ ಬಗ್ಗೆ ಎರಡು ಮಾತು. ಅಚ್ಚಾದ ಮೇಲೆ ಕೈಯಲ್ಲಿ ಹಚ್ಚಿದ್ದು ಅದು. ಶೇಡೆಲ್‌ನ ಸ್ವಂತ ಪ್ರತಿ, ಬಣ್ಣ ಹಚ್ಚಿದ್ದು, ಮ್ಯೂನಿಕ್‌ನ ರಾಜ್ಯ ಗ್ರಂಥಾಲಯದಲ್ಲಿದೆ. ಹಳೆಯ ಪುಸ್ತಕಗಳಲ್ಲಿ ತಾಮ್ರದ ಹಸಿರು ಹಚ್ಚಿದ ಕಡೆ ಕಾಗದ ಕಂದಾಗಿ ಬಿರಿಯುತ್ತದೆ. ನಾನು ಗೋಂದಿನ ಜಲವರ್ಣ ಬಳಸಿದೆ, ಅದೂ ಮಸಿ ಎರಡು ವಾರ ಒಣಗಿದ ಮೇಲೆ. ಬೇಗ ಹಚ್ಚಿದರೆ ಎಣ್ಣೆಯ ಮೇಲೆ ನೀರು ನಿಲ್ಲದೆ ಹನಿಹನಿಯಾಗಿ ಓಡುತ್ತದೆ. ಗೆರೆಯ ಒಳಗೆ ನಿಲ್ಲಬೇಕೆಂಬ ಹಠ ಬೇಡ, ಅವರೂ ನಿಂತಿಲ್ಲ.

ಹಲಗೆಗಳನ್ನು ಇಡಲು ಬೀಗ ಹಾಕುವ ಕೋಣೆಯೊಂದನ್ನು ಕೋಬರ್ಗರ್ ಒದಗಿಸಬೇಕು ಎಂದು 1492ರ ಕರಾರಿನಲ್ಲಿ ಬರೆದಿತ್ತು. ಬೀಗ ಹಲಗೆಯನ್ನು ಕಾಯಿತು, ಚಿತ್ರವನ್ನಲ್ಲ. 1496ರಲ್ಲೇ ಆಗ್ಸ್‌ಬರ್ಗಿನ ಯೋಹಾನ್ ಶೋನ್ಸ್‌ಪರ್ಗರ್ ಸಣ್ಣ ಗಾತ್ರದಲ್ಲಿ, ಹೊಸದಾಗಿ ಕೆತ್ತಿಸಿದ ಹಲಗೆಗಳಿಂದ, ಜರ್ಮನ್ ಕ್ರಾನಿಕಲ್ ಹೊರತಂದ. ಮರುವರ್ಷ ಲ್ಯಾಟಿನ್ ಕೂಡ. ಮಾರಿದ ಪುಸ್ತಕದ ಒಂದು ಹಾಳೆ ಕೈಗೆ ಸಿಕ್ಕರೆ ಸಾಕಲ್ಲ. ಇತ್ತ 1509ರ ಲೆಕ್ಕದಲ್ಲಿ ನ್ಯೂರೆಂಬರ್ಗಿನವರ ಬಳಿ ಲ್ಯಾಟಿನ್ನಿನ ಐನೂರಕ್ಕೂ ಹೆಚ್ಚು, ಜರ್ಮನ್ನಿನ ಒಂದಷ್ಟು ಪ್ರತಿ ಮಾರದೆ ಉಳಿದಿದ್ದವು.

ನನ್ನ ಹಲಗೆಗೆ ಬೀಗ ಬೇಕಿಲ್ಲ, ಗಾಳಿ ಬೇಕು. ಒರೆಸಿ, ಮುಖ ಮತ್ತು ಬೆನ್ನು ಎರಡಕ್ಕೂ ಒಂದೇ ಸಮ ಅಗಸೆ ಎಣ್ಣೆ ಸವರಿ, ನ್ಯೂಸ್‌ಪ್ರಿಂಟ್ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿಟ್ಟಿದ್ದೇನೆ. ಮಲಗಿಸಿಟ್ಟರೆ ಗಾಳಿ ಒಂದೇ ಬದಿಗೆ ತಾಗಿ, ತಿಂಗಳೊಳಗೆ ದೋಣಿಯಾಗುತ್ತದೆ.